ಭಯದ ನೆರಳೂ ಸುಳಿಯಲಿಲ್ಲ

ಮನೆ, ಮಹಡಿಯ ಕೋಣೆ
ಒಂಬತ್ತನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕೈ ಹೇಗಿದೆ? ಚಳಿ ಶುರುವಾದರೆ ಇಲ್ಲದ ಎರಡು ಬೆರಳೂ ನೋಯುತ್ತವೆ ಎಂದು ನೀನು ಒಮ್ಮೆ ಹೇಳಿದ್ದೆ. ಇಲ್ಲಿ ಚಳಿ ಶುರುವಾಗಿದೆ, ಅದಕ್ಕೇ ಮೊದಲು ಅದನ್ನು ಕೇಳಿದೆ. ಕಾರ್ಖಾನೆಯ ಗೇಟಿನ ಕಾವಲಿಗೆ ನಿನಗೆ ಕುರ್ಚಿ ಕೊಟ್ಟರೋ, ಇನ್ನೂ ಆ ಎಣ್ಣೆ ಡಬ್ಬದ ಮೇಲೆಯೇ ಕೂರುತ್ತೀಯೋ? ಅಮ್ಮ ನನ್ನ ಬೆನ್ನ ಹಿಂದೆ ನಿಂತು, ‘ಸ್ವೆಟರ್ ಹಾಕ್ಕೋತಾನಾ ಕೇಳು, ಹೊತ್ತಿಗೆ ಸರಿಯಾಗಿ ತಿಂತಾನಾ ಕೇಳು’ ಎನ್ನುತ್ತಿದ್ದಾಳೆ. ಕೇಳಿದ್ದೇನೆ. ನೀನು ಉತ್ತರ ಬರೆಯುವುದಿಲ್ಲ ಎಂದು ಅವಳಿಗೂ ಗೊತ್ತು. ಅದರಲ್ಲಿ ನನ್ನ ಪಾಲೂ ಇದೆ. ನೀನು ಸೈನ್ಯದಲ್ಲಿದ್ದಾಗ ಬರೆದ ಕಾಗದಗಳನ್ನು ನಾನು ಕೆಂಪು ಪೆನ್ಸಿಲ್ಲಿನಲ್ಲಿ ತಿದ್ದಿ, ಅಂಚಿನಲ್ಲಿ ಹತ್ತಕ್ಕೆ ನಾಲ್ಕು ಎಂದು ಬರೆದು, ವಾಪಸು ಅಂಚೆಗೆ ಹಾಕುತ್ತಿದ್ದೆ. ಕಾಲೇಜು ಸೇರಿದ ಹೊಸದು, ತಮಾಷೆ ಅಂದುಕೊಂಡಿದ್ದೆ. ಆಮೇಲೆ ನಿನ್ನ ಕಾಗದಗಳು ‘ಕ್ಷೇಮ’ ಎಂಬ ಒಂದೇ ಮಾತಿಗೆ ಇಳಿದವು. ಅದರಲ್ಲಿ ತಿದ್ದಲು ಏನೂ ಇರಲಿಲ್ಲ.

ಅಪ್ಪ ಚೆನ್ನಾಗಿದ್ದಾರೆ ಎಂದು ಬರೆಯಬೇಕು. ಕೆಲಸವೇನೋ ಮಾಡುತ್ತಾರೆ. ಕೆಳಗೆ ಬಡಗಿ ಅಂಗಡಿಯಲ್ಲಿ ಕೀಸುಳಿ ಆಡುವ ಸದ್ದು ಬೆಳಿಗ್ಗೆ ಹನ್ನೊಂದರವರೆಗೆ ಕೇಳುತ್ತದೆ. ಅಂಚೆಯವನ ಸೈಕಲ್ಲು ಬೀದಿಯ ತಿರುವಿಗೆ ಬಂದ ಕೂಡಲೇ ಆ ಸದ್ದು ನಿಲ್ಲುತ್ತದೆ. ಮೂರು ವರ್ಷದಿಂದ ಹೀಗೇ. ಪಾಪ, ಆ ಮನುಷ್ಯ ಈಗೀಗ ಎದುರು ಸಾಲಿನಲ್ಲೇ ಹೋಗಿಬಿಡುತ್ತಾನೆ. ಅಲ್ಲಿಂದಲೇ ‘ಇವತ್ತೂ ಇಲ್ಲ ಯಜಮಾನ್ರೇ’ ಎಂದು ಕೂಗಿ, ಸಾಲ ತೀರಿಸದವನ ಹಾಗೆ ತಲೆ ತಗ್ಗಿಸಿಕೊಂಡು ಪೆಡಲು ತುಳಿಯುತ್ತಾನೆ. ನಿನ್ನ ಪದಕಕ್ಕೆಂದು ಅಪ್ಪ ಮಾಡಿದ ಪೆಟ್ಟಿಗೆ ಇನ್ನೂ ಅಂಗಡಿಯ ಗೋಡೆಯ ಮೇಲಿದೆ. ಪತ್ರಿಕೆಯಲ್ಲಿ ಬಂದ ಚಿತ್ರ ನೋಡಿ, ಅಳತೆ ಊಹಿಸಿ, ನಡುವೆ ದುಂಡಗೆ ಗುಳಿ ಕೊರೆದು, ಮಖಮಲ್ಲು ಅಂಟಿಸಿ, ಮುಂದೆ ಗಾಜು ಕೂರಿಸಿ, ಹಿಂದೆ ಆರು ಸ್ಕ್ರೂ ಬಿಗಿದಿದ್ದಾರಲ್ಲ, ಅದೇ. ಹೊಸ ಗಿರಾಕಿಗಳು ಅದನ್ನು ನೋಡಿ, ‘ಏನ್ ಯಜಮಾನ್ರೇ, ಗಡಿಯಾರ ರಿಪೇರಿಗೆ ಹೋಗಿದ್ಯಾ?’ ಎನ್ನುತ್ತಾರೆ. ಅಪ್ಪ ‘ಬರುತ್ತೆ’ ಎನ್ನುತ್ತಾರೆ. ಅಷ್ಟೇ. ಸೈನ್ಯದ ದಾಖಲೆ ಕಚೇರಿಗೆ ಎಷ್ಟು ಸಲ ಬರೆದರೂ ಅವರು ಹೇಳುವುದು ‘ಪರಿಶೀಲನೆಯಲ್ಲಿದೆ’. ಇವರು ಹೇಳುವುದು ‘ಬರುತ್ತೆ’. ಇವೆರಡರ ನಡುವೆ ಈ ಮನೆಯಲ್ಲಿ ನಾವು ಊಟ ಮಾಡುತ್ತೇವೆ, ಬಟ್ಟೆ ಒಗೆಯುತ್ತೇವೆ.

ಕಳೆದ ಸೋಮವಾರ ಕಾಗದ ಬಂತು ಅಣ್ಣಾ. ಮೊಹರು ನೋಡಿದ ಅಪ್ಪ ಮೇಲೆ ಬಂದು, ಕೈ ತೊಳೆದು, ಅಂಗಿ ಬದಲಾಯಿಸಿ, ಆಮೇಲೆ ಲಕೋಟೆ ಒಡೆದರು. ಶೌರ್ಯ ಪದಕದ ಶಿಫಾರಸಿನ ವಿಚಾರವಾಗಿ ಖುದ್ದು ಹಾಜರಾಗಬೇಕು ಎಂದಷ್ಟೇ ಇತ್ತು. ಮಂಜೂರಾಗಿದೆ ಎಂದು ಎಲ್ಲೂ ಇರಲಿಲ್ಲ. ನಾನು ಅದನ್ನು ಗಮನಿಸಿದೆ. ಮರುದಿನ ನಾವಿಬ್ಬರೂ ಹೊರಡುವಾಗ ಅಪ್ಪ ಕೈಚೀಲದಲ್ಲಿ ಒಂದು ಮೆತ್ತನೆಯ ಬಟ್ಟೆ ಮಡಿಸಿ ಇಟ್ಟುಕೊಂಡರು, ಪದಕ ಸುತ್ತಿಕೊಂಡು ಬರುವುದಕ್ಕೆ.

ದಾಖಲೆ ಕಚೇರಿಯ ಮೂರನೇ ಮಹಡಿ. ಉದ್ದನೆಯ ಬೆಂಚು, ಕಾಲು ಮುರಿದ ಕಡೆ ಇಟ್ಟಿಗೆ ಕೊಟ್ಟಿದ್ದರು. ಅಪ್ಪ ಕೂರುವ ಮೊದಲು ಬಗ್ಗಿ ಅದನ್ನೇ ನೋಡಿದರು. ಎರಡು ಗಂಟೆಯ ಮೇಲೆ ಕರೆದರು. ಗುಮಾಸ್ತೆ ಅಮ್ಮನ ವಯಸ್ಸಿನವರು. ಬೆರಳು ಒದ್ದೆ ಮಾಡಿಕೊಳ್ಳಲು ಮೇಜಿನ ಮೇಲೆ ಸ್ಪಂಜಿನ ಬಟ್ಟಲು, ಕುರ್ಚಿಗೆ ಹೂವಿನ ಕಸೂತಿಯ ದಿಂಬು. ಕಡತವನ್ನು ನಮ್ಮ ಕಡೆ ತಿರುಗಿಸಿದರು. ಎರಡು ಸಾಕ್ಷಿ ಹೇಳಿಕೆಗಳು, ನಿಮ್ಮ ತುಕಡಿಯ ಲಾರಿ ಡ್ರೈವರನದೊಂದು, ಅಡುಗೆಯವನದೊಂದು. ಎರಡರಲ್ಲೂ ಒಂದೇ ಸಾಲಿನ ಕೆಳಗೆ ಕೆಂಪು ಗೆರೆ. ಆಕೆ ಗಟ್ಟಿಯಾಗಿ ಓದಿದರು: ‘ಸೇತುವೆಯ ಮೇಲೆ ಓಡುವಾಗ ಅವನ ಕಣ್ಣಲ್ಲಿ ಭಯದ ನೆರಳೂ ಸುಳಿಯಲಿಲ್ಲ.’ ಹಾಳೆ ತಿರುವಿ ಇನ್ನೊಂದರಿಂದ ಅದನ್ನೇ ಓದಿದರು. ‘ಒಬ್ಬ ನಿಂತಿದ್ದು ಲಾರಿ ಹತ್ರ, ಇನ್ನೊಬ್ಬ ಗೋಡೆ ಹಿಂದೆ. ಇನ್ನೂರು ಗಜ ದೂರದಿಂದ, ಬೆನ್ನು ತಿರುಗಿಸಿ ಓಡೋನ ಕಣ್ಣೊಳಗಿನ ನೆರಳು ಇಬ್ಬರಿಗೂ ಕಾಣಿಸ್ತಾ?’ ಅಪ್ಪ ಬಿಡಲಿಲ್ಲ. ‘ಇಬ್ಬರೂ ಒಂದೇ ತುಕಡಿಯವರು ಮೇಡಂ, ಜೊತೆಗಿದ್ದೋರು ಒಂದೇ ಥರ ಮಾತಾಡ್ತಾರೆ’ ಎಂದರು. ‘ಅಡುಗೆಯವನು ಹೀಗೆ ಮಾತಾಡ್ತಾನಾ? ಹಾಗಾದ್ರೆ ನಮ್ಮ ಕ್ಯಾಂಟೀನಿಗೂ ಅಂಥೋನೊಬ್ಬ ಬೇಕು’ ಎಂದು ಆಕೆ ಹೇಳಿದಾಗ ಪಕ್ಕದ ಮೇಜಿನವರು ನಕ್ಕರು. ಆಮೇಲೆ ನನ್ನನ್ನು ನೋಡಿ, ‘ಬರೆದಿದ್ದು ಯಾರು?’ ಎಂದರು. ನಾನು ತರಗತಿಯಲ್ಲಿ ಎತ್ತುವ ಹಾಗೆ ಬೆರಳೆತ್ತಿದೆ. ‘ಚೆನ್ನಾಗಿ ಬರೀತೀಯ ಮಗಳೇ. ಅದೇ ಆಗಿದ್ದು ತೊಂದರೆ’ ಎಂದರು. ಬೈದಿದ್ದರೆ ಸಹಿಸಬಹುದಿತ್ತು.

ನಿನಗೆ ಗೊತ್ತು, ಆದರೂ ಬರೆಯುತ್ತೇನೆ. ನಿಮ್ಮ ದಳಪತಿ ಬರೆದ ಮೊದಲ ಶಿಫಾರಸು ಅವರ ವರ್ಗಾವಣೆಯಲ್ಲಿ ಕಳೆದುಹೋಗಿ, ಕಣ್ಣಾರೆ ಕಂಡ ಇಬ್ಬರ ಹೇಳಿಕೆ ಬೇಕೆಂದರಲ್ಲ. ಗುಂಡು ಹಾರುತ್ತಿದ್ದ ಸೇತುವೆಯಿಂದ ನೀನು ಹೊತ್ತು ತಂದ ಗಾಯಾಳುಗಳಲ್ಲಿ ಬದುಕುಳಿದ ಇಬ್ಬರಿಗೆ ಆಗ ಪ್ರಜ್ಞೆಯೇ ಇರಲಿಲ್ಲ, ಅವರ ಮಾತು ನಡೆಯುವುದಿಲ್ಲ. ಹಾಗಾಗಿ ಡ್ರೈವರೂ ಅಡುಗೆಯವನೂ ಮನೆಗೆ ಬಂದರು. ಅಡುಗೆಯವನು ಹೇಳಿದ್ದು ನಾಲ್ಕೇ ಮಾತು: ‘ಹೋದ. ತಂದ. ಮೂರು ಸಲ. ನಾನು ಎಣಿಸ್ತಿದ್ದೆ.’ ಡ್ರೈವರ್ ಹೆಚ್ಚು ಮಾತಾಡಿದ. ಅವನು ಹೇಳಿದಂತೆಯೇ ನಾನು ಮೊದಲು ಗೀಚಿಕೊಂಡೆ: ‘ಮೊದಲ್ನೇ ಸಲ ಹೋಗಿ ಒಬ್ಬನ್ನ ತಂದ. ಎರಡನೇ ಸಲ ಇನ್ನೊಬ್ಬನ್ನ ತಂದ. ಮೂರನೆಯವನು ಅಲ್ಲೇ ಕೂಗ್ತಾ ಇದ್ದ. ಇವನು ಹೋಗಲ್ಲ ಅಂದ. ನನ್ನ ಕೈಲಾಗಲ್ಲ ಅಂದ. ಲಾರಿ ಚಕ್ರಕ್ಕೆ ಒರಗಿ ಕೂತು ಮಗು ಥರ ಅತ್ತ, ಅಮ್ಮಾ ಅಮ್ಮಾ ಅಂತ. ಆಮೇಲೆ ತೋಳಲ್ಲಿ ಮೂಗು ಒರೆಸ್ಕೊಂಡು ಎದ್ದು ಹೋದ. ತಂದ. ಆ ಹುಡುಗ ಬದುಕಲಿಲ್ಲ, ಇವನ ಬೆರಳೂ ಹೋಯ್ತು. ನಾನು ಒಂದು ಸಲನೂ ಹೋಗ್ಲಿಲ್ಲ. ಇದನ್ನೂ ಬರ್ಕೋ ತಾಯೀ, ನಾನು ಹೋಗ್ಲಿಲ್ಲ.’

ಇಷ್ಟನ್ನು ಕೇಳಿಯೂ ನನಗೆ ಅದು ಸಾಲದು ಅನಿಸಿತು. ನಾಲ್ಕು ವರ್ಷ ಸಾಹಿತ್ಯ ಓದಿದವಳಿಗೆ ಅದು ಒರಟಾಗಿ ಕಂಡಿತು. ಪದಕ ಕೊಡುವ ದೊಡ್ಡವರು ಅಳುವವನನ್ನು ಏಕೆ ಮೆಚ್ಚಬೇಕು ಎಂದೂ ಲೆಕ್ಕ ಹಾಕಿದೆ. ಎರಡು ದಿನ ಬಾಗಿಲು ಹಾಕಿಕೊಂಡು ಎರಡೂ ಹೇಳಿಕೆಗಳನ್ನು ಹೊಸದಾಗಿ ಬರೆದೆ. ಅಳು ತೆಗೆದೆ, ಚಕ್ರ ತೆಗೆದೆ, ಮೂಗು ತೆಗೆದೆ, ಡ್ರೈವರ್ ಹೋಗದೆ ನಿಂತಿದ್ದನ್ನೂ ತೆಗೆದೆ. ಆ ನೆರಳಿನ ಸಾಲು ಹೊಳೆದಾಗ ಎಷ್ಟು ಖುಷಿಯಾಯಿತೆಂದರೆ, ಒಂದೇ ಕಡೆ ಬಳಸಿ ಬಿಡಲು ಮನಸ್ಸಾಗಲಿಲ್ಲ. ಇಬ್ಬರೂ ಓದದೆ ಸಹಿ ಹಾಕಿದರು. ‘ಓದಿದೋರು ಬರೆದ ಮೇಲೆ ಸರಿಯಾಗೇ ಇರುತ್ತೆ’ ಎಂದ ಅಡುಗೆಯವನು.

ಅಪ್ಪ ಅದನ್ನು ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಓದಿಸಿದ ದಿನ ನೆನಪಿದೆಯಾ? ನಾನು ಓದುತ್ತಿದ್ದೆ, ನೀನು ಮರದ ಹಲಗೆಗಳ ಮೇಲೆ ಕೂತಿದ್ದೆ. ನೆರಳಿನ ಸಾಲಿಗೆ ಬಂದಾಗ ಎದುರು ಅಂಗಡಿಯವರು ‘ಭಲೇ’ ಎಂದರು. ನೀನು ಎದ್ದು ಹೊರಗೆ ಹೋದೆ. ನಾಚಿಕೆ ಅಂದುಕೊಂಡೆವು. ಅದೇ ವಾರ ಊರು ಬಿಟ್ಟೆ. ‘ಪದಕ ಬಂದಾಗ ತಾನಾಗಿ ಬರ್ತಾನೆ’ ಎಂದರು ಅಪ್ಪ. ನೀನು ಯಾವುದರಿಂದ ಓಡಿಹೋದೆ ಎಂದು ಕೆಂಪು ಗೆರೆಯ ಮುಂದೆ ನಿಂತಾಗ ತಿಳಿಯಿತು. ಈ ಮನೆಯಲ್ಲಿ ನಿನ್ನ ಜಾಗದಲ್ಲಿ ನಾನು ಬರೆದ ಬೇರೆ ಯಾರೋ ಒಬ್ಬ ಕೂತಿದ್ದ. ಅವನಿಗೆ ಭಯವಿರಲಿಲ್ಲ, ಎಲ್ಲರಿಗೂ ಅವನೇ ಬೇಕಾಗಿದ್ದ.

ಈಗ ವಿಷಯ ಇಷ್ಟು. ಹೇಳಿಕೆಗಳು ಕಟ್ಟುಕತೆ ಎಂದು ಪದಕ ಕೊಡುವ ಮಂಡಳಿಗೆ ಅನುಮಾನ. ಇಪ್ಪತ್ತನೇ ತಾರೀಖಿನೊಳಗೆ ಇಬ್ಬರದೂ ಅವರವರದೇ ಮಾತಿನಲ್ಲಿ ಮತ್ತೆ ಬರಬೇಕು, ಇಲ್ಲವಾದರೆ ಕಡತ ಮುಚ್ಚುತ್ತಾರೆ. ಅಡುಗೆಯವನು ನಿನ್ನೆಯೇ ತನ್ನ ನಾಲ್ಕು ಮಾತು ಬರೆದು ಕೊಟ್ಟ. ಡ್ರೈವರ್ ಕಾಮಾಲೆಯಿಂದ ತೀರಿಹೋಗಿ ಎಂಟು ತಿಂಗಳಾಯಿತು. ಇಂಥ ಮಾತು ಬರೆಯಲು ನನಗೀಗ ಅಸಹ್ಯ, ಆದರೂ ನಿಜ: ನಿನ್ನ ಪದಕ ತಪ್ಪಿದರೆ ಅದು ಶತ್ರುವಿನಿಂದಲ್ಲ, ಕಚೇರಿಯಿಂದಲೂ ಅಲ್ಲ, ನಿನ್ನ ತಂಗಿಯ ಒಂದು ಸಾಲಿನಿಂದ. ಕಚೇರಿಯ ಮೆಟ್ಟಿಲು ಇಳಿಯುವಾಗ ಅಪ್ಪ ಒಂದೇ ಮಾತು ಹೇಳಿದರು: ‘ನಿನ್ನ ಓದು ಜಾಸ್ತಿಯಾಯ್ತು.’ ಕೈಚೀಲದ ಬಟ್ಟೆಯಿಂದ ಕನ್ನಡಕ ಒರೆಸಿಕೊಂಡರು.

ಕೈಗೆ ಬೆಚ್ಚಗೆ ಏನಾದರೂ ಹಾಕಿಕೋ. ಅಮ್ಮನ ಆಶೀರ್ವಾದಗಳು. ಅಪ್ಪನದೂ ಎಂದು ಬರೆದಿದ್ದೇನೆ, ಕೇಳಿ ಬರೆದದ್ದಲ್ಲ. ಕ್ಷಮಿಸು ಎಂದು ಕೇಳುವುದಿಲ್ಲ, ಆ ಮಾತನ್ನೂ ಚಂದ ಮಾಡಲು ಹೊರಟುಬಿಡುತ್ತೇನೆ.

ಇಂತು ನಿನ್ನ
ಹತ್ತಕ್ಕೆ ನಾಲ್ಕು ಕೊಟ್ಟ ತಂಗಿ

ಮರೆತಿದ್ದೆ ಎಂದರೆ ಸುಳ್ಳು, ಇದನ್ನು ಬರೆಯಲು ಧೈರ್ಯ ಸಾಲದೆ ಕೊನೆಗೆ ಬಿಟ್ಟಿದ್ದೆ. ಬೇಗ ಬರೆಯುತ್ತೇನೆ, ನಾಲ್ಕಕ್ಕೆ ಅಂಚೆ ಡಬ್ಬ ತೆಗೆಯುತ್ತಾರೆ. ಡ್ರೈವರ್ ಹೇಳಿದ್ದನ್ನು ಗೀಚಿಕೊಂಡಿದ್ದೆನಲ್ಲ, ಅದೇ ಹೇಳಿಕೆ ಅಂದುಕೊಂಡು, ನಾನು ಬೇಡ ಅನ್ನುವುದರೊಳಗೆ ಅವನು ಅದರ ಕೆಳಗೂ ಸಹಿ ಹಾಕಿ ತಾರೀಖು ಬರೆದಿದ್ದ. ಆ ಹಾಳೆ ನನ್ನ ಹಳೆಯ ನೋಟ್ಸಿನೊಳಗೆ ಸಿಕ್ಕಿತು. ಅವನದೇ ಮಾತು, ಅವನದೇ ಸಹಿ ಇದ್ದರೆ ಹಳೆಯದಾದರೂ ನಡೆಯುತ್ತದೆ ಎಂದು ಗುಮಾಸ್ತೆ ಹೇಳಿದ್ದರು. ಅಪ್ಪನಿಗೆ ತೋರಿಸಿದೆ. ನಿಂತೇ ಓದಿದರು. ‘ನನ್ನ ಮಗ ಅಳೋನಲ್ಲ. ಪದಕ ಬರದೇ ಇದ್ರೂ ಸರಿ, ಇದು ಹೊರಗೆ ಹೋಗಕೂಡದು’ ಎಂದು ಗೋಡೆಯ ಪೆಟ್ಟಿಗೆ ಇಳಿಸಿ, ಅದರೊಳಗಿಟ್ಟು, ಆರೂ ಸ್ಕ್ರೂ ಬಿಗಿದರು. ಮೂರು ವರ್ಷದಲ್ಲಿ ಆ ಪೆಟ್ಟಿಗೆಯೊಳಗೆ ಇಟ್ಟ ಮೊದಲ ವಸ್ತು ಅದು. ಇವತ್ತು ಅವರು ಮರ ತರಲು ಹೋದಾಗ ಅಮ್ಮ ಪೆಟ್ಟಿಗೆ ಹಿಡಿದುಕೊಂಡಳು, ನಾನು ಬಿಚ್ಚಿದೆ. ‘ಅಮ್ಮಾ ಅಂದನಂತಾ?’ ಎಂದು ಆ ಸಾಲನ್ನು ಎರಡು ಸಲ ಓದಿಸಿಕೊಂಡಳು. ಹಾಳೆ ಇದೇ ಲಕೋಟೆಯಲ್ಲಿದೆ. ಜೊತೆಗೆ ಕಚೇರಿಯ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಇನ್ನೊಂದು ಲಕೋಟೆ. ಕಳಿಸುವುದೋ ಹರಿಯುವುದೋ ಈ ಸಲ ನಿನಗೆ ಬಿಟ್ಟದ್ದು. ಇಪ್ಪತ್ತರೊಳಗೆ. ಅದರಲ್ಲಿ ನಾನು ಒಂದಕ್ಷರವನ್ನೂ ತಿದ್ದಿಲ್ಲ.