ಗರಿ ಮುಟ್ಟಿದ್ದು ಗೊತ್ತಾಯಿತೇ

ದಾವಣಗೆರೆ
೨೧೯೪ನೇ ಇಸವಿ, ಜೂನ್ ಮೂವತ್ಮೂರು, ಗುರುವಾರ ಬೆಳಗ್ಗೆ

ನನ್ನ ಮುತ್ತಜ್ಜಿಗೂ ಮುತ್ತಜ್ಜಿಯಾದ ಕೊಟ್ರಮ್ಮಜ್ಜಿಯವರಿಗೆ ಚಂಪಾವತಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಬೇಸಿಗೆ ಮುಗಿಯುವ ತನಕ ಜೂನ್ ಮುಗಿಯುವುದಿಲ್ಲ. ನಮ್ಮ ಕೆಲವು ಮಾತುಗಳೂ ನಿಮ್ಮ ಕಿವಿಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ, ಬಿಡಿಸಿ ಹೇಳುತ್ತೇನೆ. ಈ ಕಾಗದಕ್ಕೆ ಕಾರಣ ಭಯ, ಬೇರೇನೂ ಅಲ್ಲ. ಹೋದ ತಿಂಗಳು ನನ್ನ ಅವ್ವ ಪಾರಿಜಾತಳ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಇನ್ನೊಂದು ಗಂಟೆಯಲ್ಲಿ ನನ್ನ ಮಗಳು ತುಂಗೆ ನನ್ನ ಪಾದಗಳನ್ನು ನೋಡುತ್ತಾಳೆ. ನನ್ನವಾದರೂ ಉಳಿದಾವೋ ಇಲ್ಲವೋ ಎಂದು ಜೀವ ಕೈಯಲ್ಲಿ ಹಿಡಿದು ಕೂತಿದ್ದೇನೆ.

ನಿಮ್ಮ ಕಾಲದಲ್ಲಿ ಮನೆಗೊಬ್ಬರಿಗೆ ಸಕ್ಕರೆ ಕಾಯಿಲೆ ಇತ್ತಂತೆ. ನಮ್ಮಲ್ಲಿ ಅದು ಇಲ್ಲದವರು ಸಿಕ್ಕರೆ ಬೀದಿಯೆಲ್ಲ ನೋಡಲು ಹೋಗುತ್ತದೆ. ನಾವು ಕುಡಿಯುವುದು ತೊಳೆನೀರು, ಅಂದರೆ ಕೆಟ್ಟದ್ದರ ಜೊತೆಗೆ ಒಳ್ಳೆಯದನ್ನೂ ಸೋಸಿ ಬಿಸಾಕಿದ ಸಪ್ಪೆ ನೀರು. ಉಣ್ಣುವುದು ತೌಡಿನ ಸುಳಿವೇ ಇಲ್ಲದಂತೆ ಉಜ್ಜಿದ ಅಕ್ಕಿ. ಮಣಿಕಟ್ಟಿನ ಚರ್ಮದಡಿ ಕೂರಿಸಿದ ಸಕ್ಕರೆಗಣ್ಣು ಹಸಿರು ತೋರಿಸಿದರೆ ಮಂಡಕ್ಕಿ ತಿನ್ನಬಹುದು, ಕೆಂಪು ತೋರಿಸಿದರೆ ತಟ್ಟೆ ದೂರ ಸರಿಸಬೇಕು. ಗುರುವಾರಕ್ಕೆ ನಾವು ಗರಿವಾರ ಅನ್ನುತ್ತೇವೆ. ಅವತ್ತು ಸ್ನಾನ ಮುಗಿಸಿ ಎಲ್ಲರೂ ಜಗಲಿಯ ಮೇಲೆ ಕಾಲು ಚಾಚಿ ಕಣ್ಣು ಮುಚ್ಚುತ್ತಾರೆ. ಕೆಲಸ ಕಲಿತ ಹೆಂಗಸು, ಗರಿಯಮ್ಮ, ಪಾದ ಮರಗಟ್ಟಿಲ್ಲವಲ್ಲ ಎಂದು ನೋಡಲು ಕೋಳಿಗರಿಯಿಂದ ಬೆರಳು, ಅಂಗಾಲು ಮುಟ್ಟುತ್ತಾ ಪ್ರತಿಸಲವೂ "ಈಗ?" ಅನ್ನುತ್ತಾಳೆ. ಗೊತ್ತಾದರೆ "ಹೂಂ" ಅನ್ನಬೇಕು. ಗರಿಯಮ್ಮನ ಕಾಲು ಮಾತ್ರ ಬೇರೆಯವರು ಮುಟ್ಟುವ ಪದ್ಧತಿಯಿಲ್ಲ, ತನ್ನದನ್ನು ತಾನೇ ನೋಡಿಕೊಳ್ಳುತ್ತಾಳೆ. ಹದಿನೆಂಟು ವರ್ಷದಿಂದ ನಮ್ಮ ಮನೆಯ ಗರಿಯಮ್ಮ ನಾನೇ. ನನ್ನಷ್ಟು ಚೊಕ್ಕವಾಗಿ ಗರಿ ಹಿಡಿಯುವವರು ಈ ಬೀದಿಯಲ್ಲಿಲ್ಲ ಎಂದು ಕೊಚ್ಚಿಕೊಂಡವಳೂ ನಾನೇ.

ಎರಡು ತಿಂಗಳ ಹಿಂದಿನ ಒಂದು ಗರಿವಾರ ಗರಿ ನನ್ನ ಕೈಜಾರಿ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗುತ್ತಿದ್ದಾಗ ಹಾಳಾದ ಬಾಯಿ ರೂಢಿಯ ಮೇಲೆ "ಈಗ?" ಅಂದುಬಿಟ್ಟಿತು. ಅವ್ವ "ಹೂಂ" ಅಂದಳು. ಗರಿ ಮುಟ್ಟಿಸದೆಯೇ ಇನ್ನೊಮ್ಮೆ ಕೇಳಿದೆ. ಹೂಂ ಹೂಂ, ಬೇಗ ಮುಗಿಸೇ, ಮಂಡಕ್ಕಿ ಮೆತ್ತಗಾಗ್ತದೆ ಎಂದು ರೇಗಿದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ ಅಜ್ಜಿ, ಪಾಪ, ನಾನು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು ಅಷ್ಟೇ. ಇಷ್ಟು ವರ್ಷ ನಾನು ಪರೀಕ್ಷೆ ಮಾಡಿದ್ದು ಅವಳ ಕಿವಿಯನ್ನು. ಪಾದ ಎತ್ತಿ ತಿರುಗಿಸಿದರೆ ಕಿರುಬೆರಳ ಬುಡದಲ್ಲಿ ಚಪ್ಪಲಿಯ ಮೊಳೆ ನೆಟ್ಟು, ಸುತ್ತಲೂ ಕಪ್ಪಾಗಿ ಕೊಳೆತಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ಮೊದಲು ಕೇಳಿದ್ದು, ಇವರ ರಕ್ತದಲ್ಲಿ ಮೆಗ್ನೀಸಿಯಮ್ ಎಂದಾದರೂ ನೋಡಿಸಿದ್ದೀರಾ ಎಂದು. ಇಲ್ಲ, ಅದೇನು ಎಂದು ಕೇಳಿದೆ. ಸಕ್ಕರೆ ಏರಿದಾಗ ಅದು ಮೂತ್ರದಲ್ಲಿ ಸೋರಿಹೋಗುತ್ತದಂತೆ, ನಮ್ಮ ನೀರು, ಅಕ್ಕಿ ಎರಡೂ ಅದನ್ನು ತುಂಬಿಕೊಡುವುದಿಲ್ಲವಂತೆ. ಅದು ಕಡಿಮೆಯಿದ್ದವರಲ್ಲಿ ನರ, ಕಣ್ಣು, ಮೂತ್ರಪಿಂಡದ ತೊಂದರೆ ಹೆಚ್ಚಾಗಿ ಕಾಣುತ್ತದೆ, ಆದರೆ ಕಾಲು ತಿಂದದ್ದು ಇದೊಂದೇ ಎಂದು ಹೇಳಲಾರೆ ಅಂದರು. ಹಾಗಂತ ಗುಳಿಗೆ ತಂದು ಸುಮ್ಮನೆ ನುಂಗಬೇಡಿ, ಮೂತ್ರಪಿಂಡ ಸೋತವರಿಗೆ ಅದೇ ಅಪಾಯ ಎಂದು ಗದರಿಸಿದರು. ನಾವೋ, ಹಸಿರು ದೀಪ ಉರಿದರೆ ಸಾಕು, ಎಲ್ಲ ಸರಿಯಿದೆ ಎಂದುಕೊಂಡವರು. ಅವತ್ತೇ ನನ್ನ ರಕ್ತವನ್ನೂ ತೆಗೆದರು. ನನ್ನದು ಅವ್ವನದಕ್ಕಿಂತಲೂ ಕಡಿಮೆ. ಎರಡು ವರ್ಷದಿಂದ ಬೆಳಗಿನ ಜಾವ ಮೀನಖಂಡ ಹಿಡಿದುಕೊಂಡಾಗಲೆಲ್ಲ ನಾನು ಚಪ್ಪಲಿಯನ್ನು ಬೈಯುತ್ತಿದ್ದೆ, ಅದೂ ಈ ಕೊರತೆಯ ಗುರುತಿರಬಹುದಂತೆ. ಅಯ್ಯೋ, ಎಂಥ ದಡ್ಡಿ ನಾನು! ನನ್ನ ಕಾಲಿಗೆ ನಾನೇ ಗರಿ ಮುಟ್ಟಿಸಿಕೊಳ್ಳುವಾಗ ಕಣ್ಣು ತೆರೆದೇ ಇರುತ್ತಿತ್ತಲ್ಲ, ಗೊತ್ತಾದದ್ದು ಪಾದಕ್ಕೋ ಕಣ್ಣಿಗೋ? ಅದಕ್ಕೇ, ಅವ್ವನ ಆಸ್ಪತ್ರೆ ಓಡಾಟ ಮುಗಿದ ಮೇಲೆ, ಪದ್ಧತಿ ಬಿಟ್ಟು ತುಂಗೆಯ ಕೈಗೆ ಗರಿ ಕೊಟ್ಟು ಹೇಳಿಕೊಟ್ಟಿದ್ದೇನೆ, ಮುಟ್ಟುವಾಗ ತುಟಿ ಪಿಟಕ್ಕೆನ್ನಬಾರದು ಎಂದು. ಕರೆಯುತ್ತಿದ್ದಾಳೆ, ಹೋಗಿ ಬರುತ್ತೇನೆ.

ಬಂದೆ. ಎಡಗಾಲಿನಲ್ಲಿ ಮೂರು ಸಲ ಹೂಂ ಅಂದೆ. ಬಲಗಾಲಿಗೆ ಬಂದಳು ಎಂದು ಸೀರೆಯ ಸದ್ದಿನಿಂದ ತಿಳಿಯಿತು. ಕಾದೆ. ಬೀದಿಯಲ್ಲಿ ತೊಳೆನೀರಿನ ಗಾಡಿ ಬಂತು, ಹೋಯಿತು. ಎಷ್ಟು ಹೊತ್ತೇ, ಶುರು ಮಾಡಬಾರದೇ ಎಂದು ರೇಗಿ ಕಣ್ಣು ಬಿಟ್ಟೆ. ಗರಿ ನನ್ನ ಹೆಬ್ಬೆರಳ ಮೇಲೇ ಇತ್ತು, ಒತ್ತಿ ಒತ್ತಿ ಬಾಗಿತ್ತು. ಮಾತಾಡಬಾರದು ಎಂದಿದ್ದೆನಲ್ಲ, ತುಂಗೆ ಸದ್ದಿಲ್ಲದೆ ಅಳುತ್ತಿದ್ದಳು.

ಅಜ್ಜಿ, ನಿಮಗೂ ಸಕ್ಕರೆ ಇತ್ತೆಂದು ನಿಮ್ಮ ಫೋಟೋದ ಹಿಂದೆ ಯಾರೋ ಬರೆದಿಟ್ಟಿದ್ದಾರೆ. ಇವತ್ತೇ ಮನೆಯಲ್ಲಿ ಯಾರನ್ನಾದರೂ ಕರೆದು, ಕಣ್ಣು ಮುಚ್ಚಿ ಕಾಲು ಚಾಚಿ. ಅವರು ಬಾಯಿ ಮುಚ್ಚಿಕೊಂಡು ಮುಟ್ಟಲಿ. ಮೆಗ್ನೀಸಿಯಮ್ ನೋಡಿಸಬೇಕೇ ಎಂದು ಡಾಕ್ಟರನ್ನು ಕೇಳಿ. ಮನೆಯವರ ಸಮಾಧಾನಕ್ಕೆಂದು ಹೂಂ ಅನ್ನಬೇಡಿ, ನಿಮ್ಮ ಕಾಲಿಗೆ ಬಿದ್ದು ಕೇಳುತ್ತೇನೆ.

ಒಳಗೆ ಮಂಚದ ಮೇಲಿಂದ ಅವ್ವ ಕೂಗುತ್ತಿದ್ದಾಳೆ, ಗರಿ ಗೊತ್ತಾಯಿತೇನೇ ಚಂಪಾ, ಎಲ್ಲ ಬೆರಳಿಗೂ ಗೊತ್ತಾಯಿತೇನೇ ಎಂದು. ಇಲ್ಲವ್ವ ಎಂದು ಹೇಳಲು ಹೋಗುತ್ತಿದ್ದೇನೆ.

ನಿಮ್ಮ,
ಚಂಪಾವತಿ