ಹೊಳೆಗಂಗವ್ವನ ಪದ

ಉಗಾರ ಬುದ್ರುಕ
20 ಜುಲೈ 2025, ರವಿವಾರ

ನನ್ನ ಬಂಗಾರದಂಥ ಮಗಳು ಸೌಂದರ್ಯಾಳಿಗೆ ನಿನ್ನವ್ವ ಅಕ್ಕವ್ವನ ಹಾರೈಕೆ. ಗಂಡನ ಜೊತೆ ನೂರು ವರ್ಷ ಬಾಳು.

ಪಂಚಮಿಗೆ ಬರಬೇಡ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಮುಂದಿನದನ್ನು ನೀನು ಓದದಿದ್ದರೂ ಚಿಂತೆಯಿಲ್ಲ. ಮೊನ್ನೆ ಫೋನಿನಲ್ಲಿ ಎಷ್ಟು ಹಿಗ್ಗಿ ಮಾತಾಡಿದೆ! "ಅವ್ವಾ, ಅಮೋಲಣ್ಣನ ಸಿಟ್ಟ ಇಳದೈತಿ, ಹಬ್ಬಕ್ಕ ಕರಿಯಾಕ ಬರ್ತಾನಂತ" ಎಂದೆ. "ಛಲೋ ಆತ ನೋಡವ್ವಾ" ಎಂದೆ ನಾನು. ಬೇರೆ ಏನು ಹೇಳಲಿ? ನಿನ್ನಣ್ಣ ಎದುರಿಗೇ ಕೂತು ಸ್ಪೀಕರ್ ಹಾಕಿಸಿದ್ದ. ಈಗ ನನ್ನ ಫೋನು ಅವನ ಕಿಸೆಯಲ್ಲೇ ಇರುತ್ತದೆ. ಅದಕ್ಕೇ ಈ ಕಾಗದ. ಏಳನೇ ಇಯತ್ತೆಯವರೆಗೆ ಕಲಿತವಳ ಅಕ್ಷರ, ಸೊಟ್ಟಗಿದ್ದರೆ ನಗಬೇಡ. ಬೆಣ್ಣೆ ಮಾರುವ ತಾರವ್ವ ನಿಪ್ಪಾಣಿಗೆ ಬಂದು ಇದನ್ನು ನಿನ್ನ ಕೈಯಲ್ಲೇ ಕೊಡುತ್ತಾಳೆ.

ಹಾಲಿನ ಟೆಂಪೋ ಓಡಿಸುವ ಕುರಿಗಾರರ ಹುಡುಗ ಭರತನನ್ನು ನೀನು ರಜಿಸ್ಟರ್ ಮದುವೆಯಾಗಿ ಏಳು ತಿಂಗಳಾಯಿತು. ಈ ಏಳು ತಿಂಗಳು ನಿಮ್ಮಪ್ಪ ಮನೆಯಲ್ಲಿ ನಿನ್ನ ಹೆಸರೆತ್ತಿಲ್ಲ. ಅಂಥವನು ಹೋದ ವಾರ ರೊಟ್ಟಿ ಮುರಿಯುತ್ತ, "ಮಗಳ್ನ ಹಬ್ಬಕ್ಕ ಕರಸೂಣು" ಎಂದ. ಈ ಮಾತನ್ನು ಇದೇ ಮನೆಯಲ್ಲಿ, ಇದೇ ದನಿಯಲ್ಲಿ ನಾನು ಹಿಂದೊಮ್ಮೆ ಕೇಳಿದ್ದೇನೆ.

ಹೊಳೆಗಂಗವ್ವನ ಕಥೆ ನಿನಗೆ ನಾನು ಹೇಳಬೇಕೇ? ಶಾಲೆಯ ಗ್ಯಾದರಿಂಗಿನಲ್ಲಿ ಹಸಿರು ಸೀರೆ ಉಟ್ಟು ನೀನೇ ಗಂಗವ್ವನಾಗಿದ್ದೆ. ಅಣ್ಣ ಪಂಚಮಿಗೆ ತಂಗಿಯನ್ನು ಕರೆತರುತ್ತಾನೆ, ದಾರಿಯಲ್ಲಿ ಕೃಷ್ಣೆ ತುಂಬಿ ಅಡ್ಡಗಟ್ಟುತ್ತಾಳೆ, ಅಣ್ಣನ ಹೊಲ ಹಸಿರಾಗಲಿ ಎಂದು ತಂಗಿ ತಾನಾಗಿಯೇ ನೀರಿಗಿಳಿಯುತ್ತಾಳೆ.

ಬಳಿಯ ಕಳದ ಕೊಟ್ಟಾಳ ಅಣ್ಣನ ಕೈಯಾಗ
ನಗುತ ಇಳದಾಳ ಹೊಳಿಯಾಗ ಗಂಗವ್ವ
ಕುಂಕುಮ ಚೆಲ್ಲ್ಯಾಳ ನೀರಾಗ

ಕಾಲೇಜಿನಲ್ಲಿ ಈ ಪದದ ಮೇಲೆ ಪ್ರಬಂಧ ಬರೆದು ಬಹುಮಾನ ತಂದೆ. ಮುನ್ನೂರು ವರ್ಷದ ಹಾಡು, ಹೆಣ್ಣಿನ ತ್ಯಾಗದ ಮೂರ್ತಿ ಎಂದು ಬರೆದಿದ್ದೆ. ನಿಮ್ಮಪ್ಪ ಅದನ್ನು ಓದಿಸಿಕೊಂಡು ಕೇಳಿ ಪೇಢೆ ಹಂಚಿದ. ನಾನೂ ಒಂದು ತಿಂದೆ, ನನ್ನ ಬಾಯಿಗೆ ಮಣ್ಣು ಬೀಳಲಿ.

ಮುನ್ನೂರಲ್ಲ ಮಗಳೇ, ಮೂವತ್ತೆರಡು. ಆ ಪದ ಕಟ್ಟಿದವಳು ನಾನು.

ನಿನಗೆ ಗಂಗಾ ಎಂಬ ಸೋದರತ್ತೆ ಇದ್ದಳು. ನಿಮ್ಮಪ್ಪನ ಒಬ್ಬಳೇ ತಂಗಿ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವಳು ಹದಿನೇಳರವಳು, ನನಗಿಂತ ಬರೀ ಒಂದು ವರ್ಷಕ್ಕೆ ಸಣ್ಣವಳು. ಒಂದೇ ಹಾಸಿಗೆಯಲ್ಲಿ ಮಲಗಿ ಕಿಸಕಿಸ ನಗುತ್ತಿದ್ದೆವು. ನಮ್ಮ ಕಬ್ಬಿನ ಹೊಲದಲ್ಲಿ ಕುರಿ ನಿಲ್ಲಿಸಲು ಬರುತ್ತಿದ್ದ ಕಾಮಣ್ಣನ ಜೊತೆ ಅವಳು ಅಥಣಿ ಕಡೆಯ ಅನಂತಪುರಕ್ಕೆ ಓಡಿಹೋದಳು. ಒಂದು ವರ್ಷ ಮನೆಯಲ್ಲಿ ಯಾರೂ ಅವಳ ಹೆಸರೆತ್ತಲಿಲ್ಲ. ಆಮೇಲೆ ಪಂಚಮಿ ಬಂತು. ನನ್ನ ಮಾವ ರೊಟ್ಟಿ ಮುರಿಯುತ್ತ ಅದೇ ಮಾತು ಹೇಳಿದ. ನಿಮ್ಮಪ್ಪ ಹೋಗಿ ಕರೆತಂದ.

ಎಣ್ಣೆ ಹಚ್ಚಿ ಎರೆದೆವು. ಹಸಿರು ಬಳೆ ಇಡಿಸಿದೆವು. ಶೇಂಗಾದ ಉಂಡಿ ತಿಂದಳು, ಬೇವಿನ ಮರದ ಜೋಕಾಲಿ ಜೀಕಿದಳು. ಮೂರನೆಯ ದಿನ ಮಧ್ಯಾಹ್ನ "ಹೊಲಕ್ಕ ಹೋಗಿ ಬರೂಣು ಬಾ ತಂಗಿ" ಎಂದು ನಿಮ್ಮಪ್ಪ ಕರೆದ. ಬುತ್ತಿ ಗಂಟು ಹೊತ್ತು ನಾನು ಹಿಂದಿನಿಂದ ಹೋದೆ.

ಕಬ್ಬಿನ ನಡುವೆ ಮಾವ ಅವಳ ಜಡೆ ಹಿಡಿದು ಮೊಣಕಾಲ ಮೇಲೆ ಕೆಡವಿದ. ನಿಮ್ಮಪ್ಪನ ಕೈಯಲ್ಲಿ ಕಬ್ಬು ಕಡಿಯುವ ಕೊಯತಾ ಇತ್ತು. "ಯಣ್ಣಾ, ಬ್ಯಾಡೋ" ಎಂದು ಅವಳು ಕೈ ಅಡ್ಡ ಹಿಡಿದಳು. ಮೊದಲ ಏಟಿಗೆ ಮುಂಗೈ ತುಂಡಾಯಿತು. ಎರಡನೆಯದು ಹೆಗಲಿಗೆ ಬಿತ್ತು. ಅವಳು ಬೇಗ ಸಾಯಲಿಲ್ಲ. ಕೆಸರಿನಲ್ಲಿ ತೆವಳುತ್ತ ನಾನು ನಿಂತಿದ್ದ ಬದುವಿನ ಕಡೆಗೇ ಬಂದಳು, "ವೈನಿ, ವೈನಿ" ಎಂದು ಅತ್ತಿಗೆಯನ್ನೇ ಕರೆಯುತ್ತ. ನಾನು ಬುತ್ತಿ ಗಂಟು ಕೆಳಗಿಡಲಿಲ್ಲ. ಐದನೆಯ ಏಟು ಕುತ್ತಿಗೆಗೆ. ಸಾಲಿಗೆ ನೀರು ಬಿಟ್ಟಿದ್ದರು, ಆ ನೀರು ಕೆಂಪಾಗಿ ಹರಿದು ನನ್ನ ಕಾಲಿಗೆ ಬಂತು. ಹೆಣಕ್ಕೆ ಕಲ್ಲು ಕಟ್ಟಿ ತುಂಬಿದ ಹೊಳೆಗೆ ನೂಕಿದರು.

ಮರುದಿನ ಕಾಮಣ್ಣ ಬಂದು ನಮ್ಮ ಬಾಗಿಲಲ್ಲಿ ಬಿದ್ದು ಹೊರಳಾಡಿದ. ಮಾವ ಅವನ ಕೈಗೆ ತೆಂಗಿನಕಾಯಿ ಕೊಟ್ಟು, "ಹೊಳೀಗಿ ಹೋಗಿ ಒಡಿಯಪಾ, ನಿನ್ನ ಹೇಣ್ತಿ ದೇವಿ ಆಗ್ಯಾಳ" ಎಂದ. ಅವನನ್ನು ಊರ ಹೊರಗಿನವರೆಗೂ ಬಡಿದು ಕಳಿಸಿದರು. ಆದರೆ ತಾರವ್ವ, ಇದೇ ತಾರವ್ವ, ಆಡು ಮೇಯಿಸಲು ಹೋದವಳು ನಮ್ಮ ಸಾಲಿನಲ್ಲಿ ಹಸಿರು ಬಳೆಚೂರು, ಕೆಂಪು ನೀರು ನೋಡಿ ಊರೆಲ್ಲ ಹೇಳಿಬಿಟ್ಟಿದ್ದಳು. ಮಾವ ನನ್ನನ್ನು ಕರೆದ. "ನೀ ಬೀಸೂ ಮುಂದ ಪದ ಕಟ್ಟತಿ ಅಲ್ಲ? ಇದಕ್ಕೂ ಒಂದ ಕಟ್ಟು. ಇಲ್ಲಾಂದ್ರ ನೀನೂ ಹೊಳೀಗೇ" ಎಂದ.

ಕಟ್ಟಿದೆ. ಬಳೆಚೂರಿಗಾಗಿ ಪದದಲ್ಲಿ ಬಳೆ ಕಳೆದು ಕೊಡಿಸಿದೆ, ಕೆಂಪು ನೀರಿಗಾಗಿ ಕುಂಕುಮ ಚೆಲ್ಲಿಸಿದೆ. ನಿನ್ನ ಪ್ರಬಂಧದಲ್ಲಿ ಆ ಎರಡು ಸಾಲನ್ನೇ ಎಷ್ಟು ಹೊಗಳಿದ್ದೆ! ಅಳುತ್ತ ಕಟ್ಟಿದೆ ಎಂದು ಹೇಳಿದರೆ ಸುಳ್ಳಾದೀತು. ಪ್ರಾಸ ಸಿಕ್ಕಾಗ ಖುಷಿಯಾಯಿತು, ಸುಡಲಿ ಆ ಖುಷಿ.

ಕಳೆ ತೆಗೆಯುವ ಹೆಂಗಸರು ಪದವನ್ನು ಹೊಳೆ ದಾಟಿಸಿದರು. ಅಥಣಿ ಕಡೆ ಅದು ಬಯಲಾಟವಾಯಿತು, ಕಾಗವಾಡ ದಾಟಿ ಮರಾಠಿಯಾಯಿತು. ಹತ್ತು ವರ್ಷಕ್ಕೆ ಮುನ್ನೂರು ವರ್ಷದ ಮುದುಕಿಯ ವೇಷ ಹಾಕಿಕೊಂಡು ತಿರುಗಿ ನಮ್ಮೂರಿಗೇ ಬಂತು. ಕನ್ನಡಕದ ಸರ್ ಒಬ್ಬರು ಬಂದು ನನ್ನಿಂದಲೇ ಹಾಡಿಸಿ, ಯಾರಿಂದ ಕಲಿತಿರಿ ಎಂದು ಕೇಳಿದರು. ನಮ್ಮ ಮುತ್ತಜ್ಜಿಯಿಂದ ಎಂದೆ. ಊರಿನ ಹಳಬರಿಗೆ ಎಲ್ಲ ಗೊತ್ತು. ಆದರೆ ಗಂಗವ್ವನಿಗೆಂದು ಕಟ್ಟಿಸಿ ಟೈಲ್ಸ್ ಹಾಕಿದ ಗುಡಿಯ ಮುಂದೆ ಕೈಮುಗಿದು ನಿಂತ ಮೇಲೆ ಯಾರು ಬಾಯಿ ಬಿಟ್ಟಾರು?

ಅಲ್ಲಿಗೇ ನಿಂತಿದ್ದರೆ ನನ್ನ ಪಾಪ ನನ್ನ ಜೊತೆಗೇ ಮಣ್ಣಾಗುತ್ತಿತ್ತು. ನಿಲ್ಲಲಿಲ್ಲ. ಹನ್ನೆರಡು ವರ್ಷದ ಹಿಂದೆ ಆಚೆ ದಂಡೆಯ ಊರಿನಲ್ಲಿ ಕೆಂಪವ್ವ ಎಂಬ ಹುಡುಗಿ ಪಂಚಮಿಗೆ ತವರಿಗೆ ಬಂದವಳು "ಹೊಳೆಗೆ ಹೋದಳು". ಐದು ವರ್ಷದ ಹಿಂದೆ ತ್ರಿಶಲಾ ಹೋದಳು. ಅವಳ ಮನೆಯವರು ಬಂದು, ನೀವು ಛಲೋ ಹಾಡ್ತೀರಂತ, ಬರ್ರಿ ಎಂದು ನನ್ನನ್ನೇ ಕರೆದೊಯ್ದರು. ಅವಳ ಅವ್ವನ ಮುಂದೆ ಕೂತು ಹಾಡಿದೆ. ಆ ತಾಯಿ ನನ್ನ ಮುಖ ನೋಡುತ್ತಲೇ ಇದ್ದಳು.

ಈಗ ನಿನ್ನಣ್ಣನ ಫೋನಿಗೆ ಅದೇ ಪದ ರಿಂಗ್‌ಟೋನು. ಬುಧವಾರ ದ್ರಾಕ್ಷಿ ತೋಟದ ಶೆಡ್ಡಿನಲ್ಲಿ ಅಪ್ಪ ಮಗ ಇಬ್ಬರೇ ಇದ್ದರು, ನಾನು ಚಹಾ ಒಯ್ದು ಹೊರಗೆ ನಿಂತೆ. "ಜೈಲಾತಂದ್ರ?" ಎಂದ ಅಮೋಲ. "ದೇವಿ ಆದಾಕಿಗೆ ಯಾರ ಕೇಸ್ ಹಾಕ್ತಾರಲೇ? ನಿಮ್ಮವ್ವ ಹಾಡಾಕ ಅದಾಳ" ಎಂದ ನಿಮ್ಮಪ್ಪ. ಮತ್ತೆ ಅಮೋಲ ಭರತನ ಟೆಂಪೋ ಯಾವ ಹೊತ್ತಿಗೆ ಬೇಡಕಿಹಾಳದ ಕಡೆ ಹೋಗುತ್ತದೆ ಎಂದು ಹೇಳಿದ; ನಿನ್ನ ಗಂಡನ ಮೇಲೂ ಇವರ ಕಣ್ಣಿದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಹೇಳಲಿ ಎಂದು ನಾಲ್ಕು ದಿನ ಕುದ್ದೆ. ಅದಕ್ಕೇ ನಿನಗೆ ಹೇಳುತ್ತಿದ್ದೇನೆ.

ಈ ಕಾಗದ ಹರಿಯಬೇಡ. ಅಳಿಯನಿಗೆ ತೋರಿಸು, ಇಬ್ಬರೂ ಇಂದೇ ಪೊಲೀಸ್ ಠಾಣೆಗೆ ಹೋಗಿ ಕೊಡಿ. ಕೊಂದವರ ಹೆಸರು ಬರೆದಿದ್ದೇನೆಯೇ ಎಂದು ಕೇಳಿದರೆ, ಇಗೋ ಬರೆದೆ: ಒಬ್ಬ ಸತ್ತ ನನ್ನ ಮಾವ ಬಾಬಾಸಾಹೇಬ, ಇನ್ನೊಬ್ಬ ಬದುಕಿರುವ ನನ್ನ ಗಂಡ ವಿರುಪಾಕ್ಷಪ್ಪ. ಪಂಚಮಿ ಮುಗಿಯುವತನಕ ದೂರ ಎಲ್ಲಾದರೂ ಹೋಗಿ ಇರಿ. ತವರಿನ ಆಸೆ ಬಿಟ್ಟುಬಿಡು. ನಿನ್ನನ್ನು ನೋಡಬೇಕೆಂದು ನನ್ನ ಕರುಳು ಉರಿಯುತ್ತದೆ. ಉರಿಯಲಿ. ನೀನು ಬದುಕಿರು.

ನಿನ್ನ ಹೆತ್ತವಳು,
ಅಕ್ಕವ್ವ ವಿರುಪಾಕ್ಷಪ್ಪ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಹರಿದು ಬೇರೆ ಬರೆಯೋಣವೆಂದರೆ ತಾರವ್ವ ಬಾಗಿಲಲ್ಲಿ ನಿಂತಿದ್ದಾಳೆ. ಗಂಗಾಳನ್ನು ಕರೆಯಲು ನಿಮ್ಮಪ್ಪ ಹೋಗಿರಲಿಲ್ಲ. ಅಣ್ಣ ಬಂದಿದ್ದರೆ ಅವಳು ಬರುತ್ತಿರಲಿಲ್ಲ. ಹೋದವಳು ನಾನು. ಯಾಕೆ ಕರೆಸುತ್ತಿದ್ದಾರೆಂದು ನನಗೆ ಗೊತ್ತಿತ್ತು. ಆದರೂ "ನಾ ಅದೀನಲ್ಲ, ಬಾರಬೇ" ಎಂದು ಕೈಹಿಡಿದು ಬಸ್ ಹತ್ತಿಸಿದೆ. ನಿನ್ನೆ ನಿಮ್ಮಪ್ಪ, ಅಮೋಲ ಬೇಡ, ನಿಮ್ಮವ್ವನೇ ಹೋಗಲಿ ಎಂದಿದ್ದಾನೆ. ಒಲ್ಲೆ ಎನ್ನಲು ನನ್ನ ಬಾಯಿ ಬರಲಿಲ್ಲ, ಸೀರೆ ಮಡಿಚಿ ಚೀಲಕ್ಕೆ ಹಾಕಿಟ್ಟಿದ್ದೇನೆ. ನಾನು ಹೇಡಿ, ಸೌಂದರ್ಯಾ. ನಿನ್ನ ಬಾಗಿಲಿಗೆ ಬಂದು ಅತ್ತು ಕರೆದರೂ, ನಿನ್ನ ಕೈ ಹಿಡಿದು ಆಣೆ ಮಾಡಿದರೂ, ನನ್ನನ್ನು ನಂಬಬೇಡ. ಬಾಗಿಲು ತೆಗೆಯಬೇಡ.