ಹಳದಿ ಲೈಟು

ಮಸ್ಕಿ, 14 ಅಕ್ಟೋಬರ್ 2025, ಮಂಗಳವಾರ

ಎಂಜಿನ್‌ನಾಗ ತೊಂದರೆ ಐತಿ ಅಂತ ತೋರಿಸೋ ಕಾರಿನ ಆ ಹಳದಿ ಲೈಟ್ ಮುಂಜಾನೆ ಮತ್ತ ಹತ್ತಿತು. ಮೆಕ್ಯಾನಿಕ್ ಮಾಳಿಂಗರಾಯ ಮೂರನೇ ಸೆನ್ಸರ್ ಹಾಕಿದ್ರೂ ಸ್ಕ್ಯಾನರ್‌ನಾಗ ಅದೇ ದೋಷದ ಕೋಡ್. ನಮ್ಮ ಅಬ್ಬಾ ಕಾರನ್ನ ಗುಜರಿಗೆ ಹಾಕ್ತೀನಿ ಅಂತ ಕುಂತಾರ.

"ಆ ಬಲ್ಬ್ ಕಿತ್ತು ಒಗದುಬಿಡು ತಂಗಿ, ಇದು ನಿನ್ನ ಕೈಲಿ ಆಗಂಗಿಲ್ಲ" ಅಂದ ಮಾಳಿಂಗರಾಯ.

ಯಾಕ ಕೀಳ್ಲಿ? ಬಾನೆಟ್ ಎತ್ತಿ ಮಧ್ಯಾನದತನಕ ಒಂದೊಂದ ವೈರ್ ಹಿಡಕೊಂಡು ಹೋದೆ. ಕಾರಿನ ಬಾಡಿಗೆ ಕೂಡಿಸಿದ ಅರ್ಥ್ ವೈರಿನ ಬೋಲ್ಟ್ ಬಿಚ್ಚಿದ್ರ ಕೆಳಗ ದಪ್ಪನ ಹಸಿರು ಪೇಂಟ್. ಅದರ ಮ್ಯಾಲ ಕರೆಂಟ್ ಹೆಂಗ ಹರಿದೀತು? ರಂಜಾನಿಗೆ ಕಾರಿಗೆ ಬಣ್ಣ ಹೊಡದು ಆ ಬೋಲ್ಟ್ ಬಿಗಿದಾಕಿ ನಾನ! ಪೇಂಟ್ ಕೆರೆದು ಬಿಗಿದೆ, ಕೋಡ್ ಅಳಿಸಿದೆ. ಲಿಂಗಸುಗೂರಿಗೆ ಹೋಗಿ ಬಂದ್ರೂ ಲೈಟ್ ಹತ್ತಲಿಲ್ಲ.

ತಪ್ಪು ನಂದ ಅಂತ ನಾಳೆ ಮಾಳಿಂಗರಾಯಗ ನಾನ ಹೇಳ್ತೀನಿ. ಆ ತಪ್ಪು ಹುಡುಕಿ ಹಿಡದಾಕಿನೂ ನಾನ ಅನ್ನೋದನ್ನ ಅವ ನಿಂತು ಕೇಳಬೇಕು.